ಬಾಗಿಲಲ್ಲಿ ನಿಲ್ಲುವ ಕೆಲಸ

ಮದುವೆಯಾಗಿ ಮಳವಳ್ಳಿಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ನಮ್ಮವರು ಅಲ್ಲಿನ ಸಣ್ಣ ಸಭೆಗೆ ಉಪದೇಶಿಯಾಗಿದ್ದರು. ಒಂದು ಭಾನುವಾರ ಮಳವಳ್ಳಿಯಲ್ಲಿ ಆರಾಧನೆ ನಡೆಸಿದರೆ ಮುಂದಿನ ಭಾನುವಾರ ಸೈಕಲ್ ತುಳಿದು ಮದ್ದೂರಿಗೆ ಹೋಗುತ್ತಿದ್ದರು. ಅವರಿಲ್ಲದ ವಾರ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರು ಪ್ರಾರ್ಥನೆ ಮಾಡುತ್ತಿದ್ದರು, ನಾನು ಸತ್ಯವೇದ ಓದುತ್ತಿದ್ದೆ.

ಬಂದ ಮೊದಲ ವಾರವೇ ನಮ್ಮವರು ನನಗೆ ಒಂದು ಕೆಲಸ ಒಪ್ಪಿಸಿದರು. ಆರಾಧನೆಗೆ ಮುಂಚೆ ಬಾಗಿಲಲ್ಲಿ ನಿಲ್ಲಬೇಕು. ಹೊಸಬರು ಯಾರಾದರೂ ಬಂದರೆ ಕೈಮುಗಿದು ಒಳಗೆ ಕರೆಯಬೇಕು, ಜಾಗ ತೋರಿಸಬೇಕು, ಯಾವಾಗ ಎದ್ದು ನಿಲ್ಲಬೇಕು, ಯಾವಾಗ ತಲೆ ಬಾಗಿಸಬೇಕು ಎಂದು ಪಕ್ಕದಲ್ಲೇ ಕೂತು ಹೇಳಿಕೊಡಬೇಕು. ಬಾಗಿಲವರೆಗೆ ಬಂದವರು ಮಾತಾಡಿಸುವವರಿಲ್ಲದೆ ತಿರುಗಿ ಹೋದರೆ ಆ ಪಾಪ ನಮ್ಮದು ಎನ್ನುತ್ತಿದ್ದರು.

ಹಾಗೆ ನೋಡಿದರೆ ಬರುವವರೇ ಇರಲಿಲ್ಲ. ಮೊದಲ ವರ್ಷವೆಲ್ಲ ಸೇರಿ ಇಬ್ಬರು ಬಂದಿದ್ದರು. ಒಬ್ಬ ಮಳೆಗೆ ಸಿಕ್ಕಿಕೊಂಡು ಒಳಗೆ ನಿಂತವನು. ಇನ್ನೊಬ್ಬ ಬಟ್ಟೆ ಮಾರುವವನು, ಯಾರದೋ ಮನೆ ಕೇಳಿಕೊಂಡು ಬಂದವನು. ನಮ್ಮ ದೇವಾಲಯವೂ ಹೊರಗಿನಿಂದ ನೋಡಿದರೆ ದೇವಾಲಯದ ಹಾಗೆ ಕಾಣುತ್ತಿರಲಿಲ್ಲ. ಮೊದಲು ರಾಗಿ ಹುರುಳಿ ತುಂಬಿಡುತ್ತಿದ್ದ ಮಳಿಗೆ ಅದು. ಹೆಂಚಿನ ಮಾಡು, ಒಂದು ಮೇಜು, ಗೋಡೆಯ ಪಕ್ಕ ಒಂದು ಬೆಂಚು. ಬೆಂಚಿನ ಮೇಲೆ ಕಾಂಪೌಂಡರ ಮನೆಯವರೂ ಸ್ಕೂಲು ಮೇಷ್ಟರ ಮನೆಯವರೂ ಕೂರುತ್ತಿದ್ದರು. ಉಳಿದವರೆಲ್ಲ ಚಾಪೆಯ ಮೇಲೆ. ಚಾಪೆಯ ಮೇಲೆ ಕೂರುತ್ತಿದ್ದವರು ಹೆಚ್ಚಾಗಿ ಹೊಲೆಗೇರಿಯಿಂದ ಬರುತ್ತಿದ್ದ ಮನೆಯವರು. ಅವರಲ್ಲಿ ಪೇಟೆಯ ಬೀದಿ ಗುಡಿಸುತ್ತಿದ್ದ ಒಬ್ಬ ಮುದುಕಿ ಇದ್ದಳು. ಅವಳಿಗೆ ಕಿವಿ ಮಂದ. ಅದಕ್ಕೇ ಎಲ್ಲರಿಗಿಂತ ಮುಂಚೆ ಬಂದು ಮೇಜಿನ ಬುಡದಲ್ಲಿ ಕೂರುತ್ತಿದ್ದಳು. ಅಲ್ಲಿಂದ ಅವಳಿಗೆ ಅರ್ಧಂಬರ್ಧ ಕೇಳಿಸುತ್ತಿತ್ತು.

ಯುದ್ಧ ಶುರುವಾದ ಮೇಲೆ ಮೈಸೂರಿನಿಂದ ಒಂದು ಸುತ್ತೋಲೆ ಬಂತು. ಹೊಸಬರು ಸೇರದ ಸಣ್ಣ ಸಭೆಗಳನ್ನು ಮುಚ್ಚಿ ಮಂಡ್ಯದ ಸಭೆಯ ಜೊತೆ ಸೇರಿಸುವ ಆಲೋಚನೆ ಇದೆ ಎಂದು ಅದರಲ್ಲಿತ್ತು. ಅವತ್ತಿನಿಂದ ನಮ್ಮವರು ನಿದ್ದೆ ಕಳೆದುಕೊಂಡವರ ಹಾಗೆ ಆದರು. ಭಾನುವಾರ ನಾನು ಬಾಗಿಲಿಗೆ ಹೋಗಿ ನಿಂತರೆ, ಮೇಜಿನ ಹತ್ತಿರ ನಿಂತೇ ನನ್ನ ಬೆನ್ನ ಹಿಂದಿನ ರಸ್ತೆಯನ್ನು ನೋಡುತ್ತಿದ್ದರು.

ಆ ಅತ್ತೆ ಸೊಸೆ ಬಂದಾಗ ಸಿಂಗಪುರ ಜಪಾನಿನವರ ಕೈಗೆ ಹೋಗಿ ಮೂರು ನಾಲ್ಕು ತಿಂಗಳಾಗಿತ್ತು. ರಸ್ತೆಯಾಚೆ ಮರದ ನೆರಳಿನಲ್ಲಿ ಇಬ್ಬರು ಹೆಂಗಸರು ನಿಂತು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ಒಬ್ಬಾಕೆಗೆ ಅರವತ್ತು ದಾಟಿತ್ತು. ಇನ್ನೊಬ್ಬಳು ನನ್ನ ವಯಸ್ಸಿನವಳು. ಸೀರೆ ಉಟ್ಟ ರೀತಿ, ಮೂಗುತಿ ನೋಡಿದರೆ ಜಮೀನಿದ್ದ ಒಕ್ಕಲು ಮನೆಯವರೆಂದು ಯಾರಾದರೂ ಹೇಳಬಹುದಿತ್ತು. ಆಗ ಪೆಟ್ರೋಲ್ ಇಲ್ಲದೆ ಬಸ್ಸುಗಳನ್ನು ಇದ್ದಿಲಿನಿಂದ ಓಡಿಸುತ್ತಿದ್ದರು. ಆ ಮಸಿ ಇಬ್ಬರ ಸೆರಗಿಗೂ ಮೆತ್ತಿತ್ತು.

ನಾನು ರಸ್ತೆ ದಾಟಿ ಹೋಗಿ ಕೈಮುಗಿದೆ.

"ಬಿಳೀ ದೊರೆಗಳ ದ್ಯಾವ್ರ ಗುಡಿ ಇದೇನಾ ಮಗ?" ಎಂದಳು ಮುದುಕಿ.

"ಹೌದು ಅಜ್ಜಿ. ಒಳಗೆ ಬನ್ನಿ."

"ಬತ್ತೀವಿ. ದೊರೆ ಅವ್ರಾ?"

"ಅವರು ಮೈಸೂರಲ್ಲಿರ್ತಾರೆ. ಇಲ್ಲಿಗೆ ಆಗಾಗ ಬರ್ತಾರೆ."

ಕಿರಿಯವಳು ಮುದುಕಿಯ ಕೈ ಹಿಡಿದಳು. "ಓಗನ ಬನ್ನಿ ಅತ್ತೆ. ಅವ್ರೇ ಇಲ್ವಂತೆ."

ಅವರು ತಿರುಗಿ ಹೋಗಿಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು. ಅವರಿಗೆ ಏನು ಬೇಕೆಂದು ಕೂಡ ಕೇಳದೆ, "ನಮ್ಮ ಯಜಮಾನರು ದೊರೆಗಳಿಗೆ ಕಾಗದ ಬರೀತಾರೆ. ಕೂತಿದ್ದು ಹೋಗಿ" ಎಂದೆ.

ಹೊಸ್ತಿಲವರೆಗೆ ಬಂದವರು ಅಲ್ಲಿಯೇ ನಿಂತರು. ಚಾಪೆಯ ಮೇಲೆ ಕೂತಿದ್ದವರನ್ನು ಮುದುಕಿ ಒಬ್ಬೊಬ್ಬರನ್ನಾಗಿ ನೋಡಿದಳು. ಯಾಕೆ ನಿಂತಳೆಂದು ನನಗೆ ಅರ್ಥವಾಯಿತು. ನಾನು ಸೀದಾ ಮುಂದಕ್ಕೆ ಹೋಗಿ ಬೀದಿ ಗುಡಿಸುವ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದೆ.

"ಅಜ್ಜಿ, ಸ್ವಲ್ಪ ಹಿಂದೆ ಕೂತ್ಕೊಳ್ಳಿ. ಹೊಸಬರು ಬಂದಿದ್ದಾರೆ."

ಅವಳು ಬಾಗಿಲ ಕಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಓ, ಅಂಗಾ" ಎಂದು ಕೋಲು ಊರಿಕೊಂಡು ಎದ್ದು ಹಿಂದಿನ ಗೋಡೆಗೆ ಹೋದಳು. ಹೇಳದೆಯೇ ಇನ್ನೂ ಮೂವರು ಎದ್ದರು. ಮುಂದಿನ ಚಾಪೆ ಪೂರ್ತಿ ಖಾಲಿಯಾಯಿತು. ಬೆಂಚಿನ ಮೇಲಿಂದ ಕಾಂಪೌಂಡರ ಹೆಂಡತಿ ನನಗೆ ಸರಿ ಮಾಡಿದೆ ಎಂಬ ಹಾಗೆ ತಲೆದೂಗಿದರು. ನಮ್ಮವರು ಪುಸ್ತಕದಲ್ಲಿ ಹಾಳೆ ಹುಡುಕುತ್ತಿದ್ದರು, ತಲೆ ಎತ್ತಲಿಲ್ಲ.

ಬಂದವರಿಗೆ ಚೊಂಬಿನಲ್ಲಿ ನೀರು ತಂದುಕೊಟ್ಟೆ. "ಬ್ಯಾಡ ಮಗ, ಬಾಯಾರ್ಕೆ ಇಲ್ಲ" ಎಂದಳು ಅತ್ತೆ. ಕತ್ತಿನಿಂದ ಬೆವರು ಇಳಿಯುತ್ತಿತ್ತು. ಸುಲಿಯದ ಬಾಳೆಹಣ್ಣು ತಂದುಕೊಟ್ಟಾಗ ಇಬ್ಬರೂ ತೆಗೆದುಕೊಂಡರು.

ಆರಾಧನೆ ಮುಗಿದ ಮೇಲೆ ಮುದುಕಿ ಮಡಿಲಿನಿಂದ ಒಂದು ಹಳೆಯ ಲಕೋಟೆ ತೆಗೆದಳು. ಕಿರುಗಾವಲಿನಾಚೆಯ ಹಳ್ಳಿ ಅವರದು. ಅವಳ ಕಿರಿಯ ಮಗ, ಈ ಸೊಸೆಯ ಗಂಡ, ದಂಡಿಗೆ ಸೇರಿ ಸಿಂಗಪುರಕ್ಕೆ ಹೋಗಿದ್ದ. ಲಕೋಟೆಯ ಮೇಲೆ ಅವನ ದಂಡಿನ ನಂಬರು ಇತ್ತು. ಅದೇ ಅವನ ಕೊನೆಯ ಕಾಗದ.

"ನಿಮ್ ದೊರೆ ಕೇಳುದ್ರೆ ದಂಡಿನ ದೊರೆ ಯೋಳಕ್ಕಿಲ್ವಾ? ಇಬ್ರೂ ಒಂದೇ ಜಾತಿ ತಾನೆ" ಎಂದಳು.

ನಮ್ಮವರು ಅಲ್ಲೇ ಕೂತು ಎರಡು ಪುಟ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಗಂಡನ ಹೆಸರು ಬಂದಾಗ ಸೊಸೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನೆಲ ನೋಡಿದಳು.

ಆ ಕಾಗದ ಟಪ್ಪಾಲಿಗೆ ಹೋಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಮ್ಮವರು ಅದನ್ನು ಕೀರ್ತನೆ ಪುಸ್ತಕಗಳ ಪೆಟ್ಟಿಗೆಯಲ್ಲಿಟ್ಟರು. "ಇನ್ನೆರಡು ತಿಂಗಳಿಗೆ ಮೈಸೂರಿನ ಪಾದ್ರಿಗಳೇ ಬರ್ತಾರೆ. ಈಗ ಕಳಿಸಿದರೆ ಏನೂ ಗೊತ್ತಿಲ್ಲ ಅಂತ ಒಂದು ಸಾಲು ಉತ್ತರ ಬರುತ್ತೆ. ಆಮೇಲೆ ಇವರು ಈ ಕಡೆ ಬರೋದಿಲ್ಲ. ಅಲ್ಲೀವರೆಗೆ ಬರ್ತಾ ಇರಲಿ, ಪಾದ್ರಿಗಳು ಕಣ್ಣಾರೆ ನೋಡಲಿ" ಎಂದರು. ನಾನು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. "ಅದೂ ಸರಿ" ಎಂದೆ. ಈಗಲೂ ಅದನ್ನು ಅವರೊಬ್ಬರ ತಲೆಗೆ ಕಟ್ಟಲು ನನ್ನಿಂದಾಗುವುದಿಲ್ಲ. ಹಾಗೆ ಇಟ್ಟುಕೊಳ್ಳುವುದು ಬೇಡವೆಂದು ನಾನು ಅಂದಿದ್ದರೆ ಅವರು ಕಳಿಸುತ್ತಿದ್ದರು.

ಅವರಿಬ್ಬರೂ ವಾರ ತಪ್ಪದೆ ಬಂದರು. ಬಸ್ಸು ಕೆಟ್ಟ ದಿನ ನಡೆದೇ ಬಂದರು. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಮುದುಕಿ ಕೇಳುತ್ತಿದ್ದಳು. "ಕಾಗ್ದ ಓಯ್ತಾ ಮಗ?"

"ಹೋಗಿದೆ ಅಜ್ಜಿ. ಪ್ರಾರ್ಥನೆ ಮಾಡೋಣ ಬನ್ನಿ."

ನಾಲ್ಕನೆಯ ವಾರಕ್ಕೆ ಸೊಸೆ ಎರಡು ಕೀರ್ತನೆ ಕಲಿತಿದ್ದಳು. ನಾನು ಓದಿ ಹೇಳಿದ ಸಾಲನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದಳು. ಅವಳ ದನಿ ಸೇರಿದ ಮೇಲೆ ನಮ್ಮ ಹಾಡಿಗೆ ಒಂದು ಜೀವ ಬಂದಿತ್ತು. ಅವಳು ಬರಲಿ ಎಂದು ನಾನು ಕಾಯುತ್ತಿದ್ದೆ. ಆ ಊರಿನಲ್ಲಿ ನನ್ನ ವಯಸ್ಸಿನ ಗೆಳತಿ ನನಗೆ ಬೇರೆ ಇರಲಿಲ್ಲ. ಬೀದಿ ಗುಡಿಸುವ ಅಜ್ಜಿ ಹಿಂದಿನ ಗೋಡೆಯ ಹತ್ತಿರ ಏನೂ ಕೇಳಿಸದೆ ಕೂತಿರುತ್ತಿದ್ದಳು. ಎಲ್ಲರೂ ಎದ್ದಾಗ ಏಳುತ್ತಿದ್ದಳು.

ಆರನೆಯದೋ ಏಳನೆಯದೋ ವಾರ ಸೊಸೆಯ ಮೊಣಕೈಯಿಂದ ಕೆಳಗೆ ನೀಲಿ ಬಾಸುಂಡೆ ಕಂಡವು. ಕೇಳಿದರೆ ಬಿದ್ದೆ ಎಂದಳು. ಅತ್ತೆ ಬಿಡಲಿಲ್ಲ. "ನನ್ ದೊಡ್ಮಗ ಬಡ್ದ. ಕಿಲಸ್ತಾನ್ರ ತಾವ್ಕೆ ಓಯ್ತೀರಿ, ನಾಳೆ ನನ್ ಎಣ್ಮಕ್ಕಳ್ನ ಯಾರು ಮದ್ವೆ ಆಯ್ತಾರೆ ಅಂತಾನೆ. ಬಾವಿ ತಾವ ನಮ್ಮಿಬ್ಬರ್ನೂ ಸೇರುಸ್ತಾ ಇಲ್ಲ." ಆಮೇಲೆ ಮಾಮೂಲಿನಂತೆ ಕೇಳಿದಳು, ದೊರೆ ಯಾವಾಗ ಬರುವುದೆಂದು. ಅವತ್ತು ನಿಜ ಹೇಳಿ ಮನೆಗೆ ಕಳಿಸಬಹುದಿತ್ತು. "ಬರೋ ಭಾನುವಾರವೇ ಬರ್ತಾರೆ ಅಜ್ಜಿ, ಅದೊಂದು ವಾರ ತಪ್ಪಿಸಬೇಡಿ" ಎಂದೆ.

ಪಾದ್ರಿಗಳು ಅದೇ ಇದ್ದಿಲಿನ ಬಸ್ಸಿನಲ್ಲಿ ಬಂದರು. ಬಿಳಿಯರು ಎಂದರೆ ಜನ ಏನೇನೋ ಎಣಿಸುತ್ತಾರೆ; ಇವರು ಕೃಶವಾದ, ಬೆನ್ನು ಬಾಗಿದ ಮನುಷ್ಯ, ಕೋಟಿನ ತೋಳು ಸವೆದಿತ್ತು. ಮುಂದಿನ ಚಾಪೆಯಲ್ಲಿ ಕೂತಿದ್ದ ಅತ್ತೆ ಸೊಸೆಯನ್ನು ನೋಡಿ ಅವರ ಮುಖ ಅರಳಿತು. ಆರಾಧನೆ ಮುಗಿದ ಮೇಲೆ ನಾನೇ ಇಬ್ಬರನ್ನೂ ಅವರೆದುರಿಗೆ ಕರೆದುಕೊಂಡು ಹೋದೆ.

"ನನ್ ಮಗನ ಇಚಾರ ಏನಾಯ್ತು ಸಾಮಿ? ಕಾಗ್ದ ನೋಡುದ್ರಾ?"

"ನನಗೆ ಯಾವ ಕಾಗದವೂ ಬರಲಿಲ್ಲವಲ್ಲ" ಎಂದು ಪಾದ್ರಿಗಳು ನಮ್ಮವರ ಕಡೆ ತಿರುಗಿದರು.

"ಟಪ್ಪಾಲಿನಲ್ಲಿ ಎಲ್ಲೋ ಸಿಕ್ಕಿಕೊಂಡಿರಬೇಕು ಅಯ್ಯಾ. ಯುದ್ಧದ ಕಾಲ" ಎಂದರು ನಮ್ಮವರು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ.

ಮುದುಕಿ ಮತ್ತೆ ಮೊದಲಿಂದ ಎಲ್ಲ ಹೇಳಿದಳು. ಪಾದ್ರಿಗಳು ಲಕೋಟೆಯ ಮೇಲಿನ ನಂಬರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ತಮ್ಮ ಓದಿನ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. "ವಿಚಾರಿಸುತ್ತೇನೆ ಅಮ್ಮಾ. ಆದರೆ ಸೈನ್ಯದವರು ನನಗೂ ಏನನ್ನೂ ತಿಳಿಸುವುದಿಲ್ಲ. ನನ್ನ ತಮ್ಮನೂ ಸಿಂಗಪುರದಲ್ಲಿ ಇದ್ದನು. ಅವನು ಬದುಕಿರುವನೋ ಇಲ್ಲವೋ ನಾನು ಅರಿಯೆ."

ಮುದುಕಿ ಅವರ ಮುಖ ನೋಡಿದಳು. "ನಿಮ್ಮವ್ವ ಅವ್ಳಾ?" ಎಂದು ಕೇಳಿದಳು.

"ಇದ್ದಾಳೆ."

"ಅವ್ಳು ಎಂಗ್ ತಡ್ಕಂಡವ್ಳೆ?"

ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಮುದುಕಿ ಸೊಸೆಯ ಭುಜ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಆ ಮುದುಕಿಯನ್ನು ನಾನು ನೋಡಿದ್ದು ಅದೇ ಕೊನೆ.

ಎರಡು ದಿನ ಕಳೆದು, ಮಂಗಳವಾರ ಹತ್ತು ಗಂಟೆಯ ಹೊತ್ತಿಗೆ ಸೊಸೆ ಒಬ್ಬಳೇ ನಮ್ಮ ಮನೆಯ ಮುಂದೆ ನಿಂತಿದ್ದಳು. ಕಂಕುಳಲ್ಲಿ ಒಂದು ಬಟ್ಟೆ ಗಂಟು. ಭಾನುವಾರ ಸಂಜೆ ಭಾವ ಬಾಗಿಲಿಗೆ ಅಡ್ಡ ನಿಂತನಂತೆ. ತಾಯಿಯನ್ನು ಒಳಗೆ ಎಳೆದುಕೊಂಡು ಇವಳನ್ನು ಹೊರಗೆ ಬಿಟ್ಟನಂತೆ. ಊರಿನ ನಾಲ್ಕು ಜನ ಸೇರಿ ಅದೇ ಸರಿ ಎಂದರಂತೆ. ಯಾರದೋ ಹುಲ್ಲಿನ ಬಣವೆಯ ಮರೆಯಲ್ಲಿ ಎರಡು ರಾತ್ರಿ ಕಳೆದಿದ್ದಳು. ತವರಿನಲ್ಲಿ ತಂದೆ ತಾಯಿ ಇರಲಿಲ್ಲ.

"ನೀವೇ ಬಾ ಬಾ ಅಂತ ಕರುದ್ರಲ್ಲ ಅಮ್ಮಾವ್ರೇ. ಅದ್ಕೇ ಬಂದೆ" ಎಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಅದಕ್ಕೇ ಬಂದಿದ್ದಳು.

ನಮ್ಮವರು ನನ್ನನ್ನು ಒಳಗೆ ಕರೆದರು. ಹೆದರಿದ್ದರು. ಒಕ್ಕಲು ಮನೆಯ ಹೆಂಗಸನ್ನು ಪುಸಲಾಯಿಸಿ ತಂದಿಟ್ಟುಕೊಂಡರು ಎಂದು ಊರಿನವರು ಪೊಲೀಸಿಗೆ ಹೋದರೆ ಸಭೆಯೇ ಉಳಿಯುವುದಿಲ್ಲ, ಮೈಸೂರಿಗೆ ಬರೆದು ಕೇಳುವವರೆಗೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದರು. ನಮ್ಮ ಮನೆಯಲ್ಲಿ ಚಾಪೆ, ಪುಸ್ತಕ ಇಡುವ ಒಂದು ಕೋಣೆ ಇತ್ತು. ಅದನ್ನು ತೆರವು ಮಾಡಿದ್ದರೆ ಇಬ್ಬರು ಮಲಗಬಹುದಿತ್ತು. ಆ ಕೋಣೆಯ ಮಾತನ್ನು ನಾನು ಎತ್ತಲಿಲ್ಲ.

ನಾನು ಹೊರಗೆ ಬರುವ ಹೊತ್ತಿಗೆ ಬೀದಿ ಗುಡಿಸುತ್ತ ಬಂದಿದ್ದ ಅಜ್ಜಿ ಪೊರಕೆ ಹಿಡಿದುಕೊಂಡು ಅವಳ ಮುಂದೆ ನಿಂತಿದ್ದಳು. ಅಜ್ಜಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು.

"ನಮ್ಮಟ್ಟಿಗೆ ಬಾರವ್ವ" ಎಂದಳು ಅವಳಿಗೆ.

ಅವಳು ಅಲ್ಲಾಡಲಿಲ್ಲ.

"ನಾನೇನು ಮುಟ್ಟಕ್ಕಿಲ್ಲ ಕಣವ್ವ. ಒಸಾ ಮಡಕೆ ಇಸ್ಕೊಡ್ತೀನಿ. ಪಕ್ಕದಲ್ಲಿ ಕುರಿ ಕಟ್ತಿದ್ದ ಜಾಗ ಅದೆ, ಸಾರ್ಸ್ಕೊಡ್ತೀನಿ. ನಿನ್ ಒಲೆ ನೀನೇ ಉರ್ಸ್ಕೊ."

ಇಬ್ಬರೂ ಹೋದರು, ಅಜ್ಜಿ ಮುಂದೆ, ಅವಳು ಹತ್ತು ಮಾರು ಹಿಂದೆ.

ಮುಂದಿನ ಭಾನುವಾರ ಅಜ್ಜಿ ಒಬ್ಬಳೇ ಬಂದು ಹಿಂದಿನ ಗೋಡೆಗೆ ಒರಗಿ ಕೂತಳು. ಮುಂದಿನ ಚಾಪೆ ಖಾಲಿಯಿತ್ತು. "ಅಜ್ಜಿ, ಮುಂದೆ ಬನ್ನಿ" ಎಂದು ಕೈ ಹಿಡಿದೆ. "ಇಲ್ಲೇ ಗಾಳಿ ಬತ್ತದೆ, ಬುಡವ್ವ" ಎಂದಳು. ಆಮೇಲೆ ಎಷ್ಟು ಸಲ ಕರೆದರೂ ಅವಳು ಮುಂದೆ ಬರಲಿಲ್ಲ. ಆ ಹುಡುಗಿಯೂ ನಮ್ಮ ದೇವಾಲಯದೊಳಗೆ ಮತ್ತೆ ಕಾಲಿಡಲಿಲ್ಲ.

ಅವಳಿಗೆ ಒಬ್ಬ ಸಾಬರ ರೇಷ್ಮೆ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಪ್ಯಾರಾಚೂಟಿಗೆ ಬೇಕೆಂದು ಆಗ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಅದರೊಳಗೆ ಕೈಹಾಕಿ ಎಳೆ ಹುಡುಕಿ ಚರಕಕ್ಕೆ ಹಚ್ಚುವ ಕೆಲಸ. ಸತ್ತ ಹುಳದ ನಾತ ಮೂರು ಮನೆಯಾಚೆಗೂ ಬರುತ್ತಿತ್ತು. ಒಂದು ತಿಂಗಳಿಗೆ ಅವಳ ಬೆರಳುಗಳ ತುದಿ ಬಿಳಿಚಿ, ಸೀಳಿ, ಉಗುರುಗಳ ಸುತ್ತ ಕೀವಾಯಿತು. ಆ ಮಳೆಗಾಲ ಚಳಿಜ್ವರ ಬಂದು ಹದಿನೈದು ದಿನ ಮಲಗಿದಾಗ ಅವಳ ಒಲೆ ಉರಿಯಲಿಲ್ಲ. ಅಜ್ಜಿ ರಾಗಿ ಗಂಜಿ ಮಾಡಿ ತಂದಳು. ಮೂರು ದಿನ ಮುಖ ತಿರುಗಿಸಿದ ಹುಡುಗಿ ನಾಲ್ಕನೆಯ ದಿನ ಕುಡಿದಳಂತೆ. ಅಜ್ಜಿಯೇ ನನಗೆ ಹೇಳಿದ್ದು. ಹೇಳುವಾಗ ಅವಳಿಗೆ ಗೆದ್ದೆನೆಂಬ ಭಾವವೇನೂ ಇರಲಿಲ್ಲ. "ಪಾಪ, ಕುಡ್ದು ಗೋಡೆ ಕಡೀಕೆ ತಿರುಕ್ಕಂಡು ಅಳ್ತು" ಎಂದಳು.

ಪಾದ್ರಿಗಳು ಮಾತು ಉಳಿಸಿಕೊಂಡಿದ್ದರು. ಕೆಲವು ತಿಂಗಳಾದ ಮೇಲೆ ಅವರಿಂದ ಒಂದು ಕಾರ್ಡು ಬಂತು, ವಿಚಾರಿಸಿದರೂ ಏನೂ ತಿಳಿಯಲಿಲ್ಲ ಎಂದು. ಅದನ್ನು ತಿಳಿಸಲು ಶೆಡ್ಡಿಗೆ ಹೋದೆ. ಅವಳ ಅತ್ತೆ ತೀರಿಕೊಂಡು ಹತ್ತು ದಿನವಾಗಿತ್ತು. ಆ ಸುದ್ದಿ ಅವಳಿಗೆ ಹಿಂದಿನ ದಿನ ತಾನೇ ಬಸ್ಸಿನವರಿಂದ ಗೊತ್ತಾಗಿತ್ತು. ಆ ಹೊತ್ತಿನಲ್ಲಿ, ಚರಕದ ಸದ್ದಿನ ನಡುವೆ ನಿಂತು, ಕಾಗದ ಕಳಿಸಿರಲಿಲ್ಲ ಎಂದು ಅವಳಿಗೆ ಹೇಳಿದೆ. ನನ್ನ ಮನಸ್ಸು ಹಗುರವಾಗಲೆಂದು ಹೇಳಿದೆನೇ ಹೊರತು ಅವಳಿಗೆ ಅದರಿಂದ ಏನೂ ಆಗಬೇಕಿರಲಿಲ್ಲ.

ಅವಳು ನೀರಿನಿಂದ ಕೈ ತೆಗೆಯಲಿಲ್ಲ. "ಕಳ್ಸಿದ್ರೆ ಏನಾಯ್ತಿತ್ತು?" ಎಂದಳು.

"ಏನೂ ಗೊತ್ತಿಲ್ಲ ಅಂತ ಆಗಲೇ ಗೊತ್ತಾಗ್ತಿತ್ತು. ನೀವು ಅಷ್ಟು ವಾರ ಬರ್ತಿರಲಿಲ್ಲ."

"ಊಂ" ಎಂದಳು. ಒಂದು ಎಳೆ ಹುಡುಕಿ ಚರಕಕ್ಕೆ ಹಚ್ಚಿ, "ಅತ್ತೆ ಸಾಯೋಗಂಟ ಕಾಗ್ದ ಇನ್ನೂ ಓಯ್ತಾ ಅದೆ, ದೂರ ಅಲ್ವಾ ಅಂತಿದ್ರಂತೆ" ಎಂದಳು. ಮತ್ತೆ ನನ್ನ ಕಡೆ ನೋಡಲಿಲ್ಲ. ನಾನು ಬಂದ ದಾರಿಯಲ್ಲಿ ವಾಪಸ್ಸು ಬಂದೆ.

ಯುದ್ಧ ಮುಗಿದು ಚಳಿಗಾಲ ಬಂತು. ಒಂದು ಭಾನುವಾರ ಆರಾಧನೆಗೆ ಮುಂಚೆ ಖಾಕಿ ಚಡ್ಡಿಯ ಒಬ್ಬ ಮನುಷ್ಯ ಮೆಟ್ಟಿಲ ಬುಡಕ್ಕೆ ಬಂದು ನಿಂತ. ಮೂಳೆಗೆ ಚರ್ಮ ಅಂಟಿಕೊಂಡಿತ್ತು, ಒಂದು ಕಣ್ಣು ಮಂಜಾಗಿತ್ತು. ನಾನು ಕೈಮುಗಿದು ಒಳಗೆ ಬನ್ನಿ ಎಂದೆ.

"ಒಳೀಕೆ ಬರಕ್ಕಿಲ್ಲ. ನನ್ ಎಂಡ್ರು ಇಲ್ಲಿಗ್ ಬಂದು ಜಾತಿ ಕೆಟ್ಲು ಅಂದ್ರು ನಮ್ಮಣ್ಣ. ಎಲ್ಲವ್ಳೆ?"

ಅವನು ಯಾರೆಂದು ಆಗ ತಿಳಿಯಿತು. ಅವಳು ಎಲ್ಲಿಯೂ ಏನೂ ಕೆಟ್ಟಿಲ್ಲ, ನಿಮ್ಮನ್ನು ಹುಡುಕಿಸಲು ಬಂದವಳು ಎಂದೆ. ಆರಾಧನೆಗೆ ನಿಲ್ಲದೆ ಅವನ ಜೊತೆ ಶೆಡ್ಡಿಗೆ ನಡೆದೆ. ಸಾಬರ ಶೆಡ್ಡಿಗೆ ಶುಕ್ರವಾರ ಮಾತ್ರ ರಜ.

ಅವಳು ಎದ್ದು ಸೀರೆಗೆ ಕೈ ಒರೆಸಿಕೊಂಡಳು. ಅವನು ಅವಳ ಬೆರಳು ನೋಡಿ, "ಕೈ ಯಾಕಿಂಗಾಗವೆ?" ಎಂದ.

"ನಿಮ್ದೂ ಅಂಗೇ ಅವಲ್ಲ."

ಅವನು ತನ್ನ ಕೈ ತಿರುಗಿಸಿ ನೋಡಿಕೊಂಡ. "ಸೆರೇಲಿ ಜಪಾನ್ನೋರು ಕಲ್ಲು ಒರ್ಸೋರು. ತಿನ್ನಕ್ಕೆ ಇರ್ನಿಲ್ಲ. ಇಲೀನೂ ತಿಂದಿವ್ನಿ. ನನ್ ತಾವ ಇನ್ಯಾವ ಜಾತಿ ಉಳ್ದದೆ."

ನಾನು ಹೊರಗೆ ಬಂದು ನಿಂತೆ. ಅರ್ಧ ಗಂಟೆಯ ಮೇಲೆ ಅವನು ಬಂದ. ಅಣ್ಣನಿಗೆ ಒಂದು ಮಾತು ಹೇಳಿ, ಶುಕ್ರವಾರ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ, ಊರು ಬೇಡವೆಂದರೆ ಮಂಡ್ಯದಲ್ಲಿ ಕಾರ್ಖಾನೆಗೆ ಸೇರುತ್ತೇನೆ ಎಂದ. ಆ ಹೊತ್ತಿಗೆ ಅವನು ಸುಳ್ಳು ಹೇಳಿದನೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಶುಕ್ರವಾರ ಅವಳು ಗುಡಿಸಲನ್ನು ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಹೊತ್ತು ಇಳಿಯುವವರೆಗೆ ಕೇರಿಯ ಬಾಯಲ್ಲಿ ಕೂತಿದ್ದಳಂತೆ. ಮುಂದಿನ ಶುಕ್ರವಾರವೂ ಕೂತಿದ್ದಳು. ಎರಡು ತಿಂಗಳಿಗೆ ಅಣ್ಣ ಅವನಿಗೆ ಬೇರೆ ಮದುವೆ ಮಾಡಿಸಿದ. ನನಗೆ ತಿಳಿದ ಕೂಡಲೇ ಅವಳಲ್ಲಿಗೆ ಹೋದೆ. "ಗೊತ್ತು" ಎಂದಳು. "ಒಲೇಲಿ ಅಂಬ್ಲಿ ಅದೆ, ಕುಡೀತೀರಾ?" ಎಂದು ಕೇಳಿದಳು. ಕುಡಿದೆ. ಆ ಮನೆಯಲ್ಲಿ ಅಷ್ಟು ಹೊತ್ತಿಗೆ ಎರಡು ಒಲೆ ಇರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ ಬೀದಿ ಗುಡಿಸುವ ಅಜ್ಜಿ ಭೇದಿಯಾಗಿ ಎರಡೇ ದಿನದಲ್ಲಿ ತೀರಿಕೊಂಡಳು. ನಾವು ಹೋಗುವ ಹೊತ್ತಿಗೆ ಆ ಹುಡುಗಿಯೇ ಹೆಣಕ್ಕೆ ನೀರು ಹಾಕಿ, ತನ್ನ ಒಂದು ಸೀರೆ ಉಡಿಸಿ, ತಲೆ ಬಾಚಿ ಮಲಗಿಸಿದ್ದಳು. ಮಣ್ಣಾಗುವಾಗ ನಮ್ಮವರು ಕೀರ್ತನೆ ಶುರು ಮಾಡಿದರು. ಅವಳಿಗೆ ಗೊತ್ತಿದ್ದ ಕೀರ್ತನೆಯೇ. ಅವಳು ದೂರದಲ್ಲಿ ಗುದ್ದಲಿಯವರ ಜೊತೆ ನಿಂತಿದ್ದಳು, ಬಾಯಿ ತೆರೆಯಲಿಲ್ಲ.

ಅದೇ ವರ್ಷ ಮಳವಳ್ಳಿಯ ಸಭೆಯನ್ನು ಮುಚ್ಚಿದರು. ನಮ್ಮನ್ನು ಮದ್ದೂರಿಗೆ ಹಾಕಿದರು. ನಮ್ಮ ಜೊತೆ ಬಂದುಬಿಡು, ಮನೆಯಲ್ಲಿ ಇರು ಎಂದು ನಾನು ಅವಳನ್ನು ಕೇಳಿದೆ. "ಈಗ್ಯಾಕೆ ಅಮ್ಮಾವ್ರೇ" ಎಂದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಮದ್ದೂರಿಗೆ ಬಂದ ಮೇಲೆ ಅವಳ ಸುದ್ದಿ ನನಗೆ ಒಂದೇ ಸಲ ಸಿಕ್ಕಿತು. ರೈಲಿಗೆ ಕಾಯುತ್ತಿದ್ದ ಒಬ್ಬ ನೂಲು ವ್ಯಾಪಾರಿಯನ್ನು ಕೇಳಿದಾಗ, ಆ ಶೆಡ್ಡಿನಲ್ಲಿ ಎಳೆ ಹಿಡಿಯಲು ಅವಳನ್ನು ಮೀರಿಸಿದವರಿಲ್ಲ, ಈಗೀಗ ಮಾತು ಬಹಳ ಕಡಿಮೆ ಎಂದ.